ಕೇಕ್ ತರಿಸಿ ಮಾನ ಕಳೆದುಕೊಂಡದ್ದು

ಹೊಗಳಿಕೆಗೆ ಮರುಳಾಗದವರು ಯಾರಿದ್ದಾರೆ ಎಂದು ಕೇಳಿ ಜಾರಿಕೊಳ್ಳುವುದು ಸುಲಭ. ಆದರೆ ಅಂಥವರು ಇದ್ದಾರೆ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ನಮ್ಮವರು ಅರಿವಳಿಕೆ ಕೊಡುವ ಡಾಕ್ಟರು. ಅವರು ಕೆಲಸ ಮಾಡುವಷ್ಟು ಹೊತ್ತೂ ರೋಗಿಗೆ ಪ್ರಜ್ಞೆ ಇರುವುದಿಲ್ಲ. ಪ್ರಜ್ಞೆ ಬಂದ ಮೇಲೆ ರೋಗಿ ಥ್ಯಾಂಕ್ಸ್ ಹೇಳುವುದು ಸರ್ಜನ್ನರಿಗೆ. ಎಷ್ಟೋ ವರ್ಷ ಹೀಗೇ ನಡೆದು ಅವರಿಗೆ ಹೊಗಳಿಕೆಯ ಹಂಗೇ ಹೋಗಿಬಿಟ್ಟಿದೆ. ನನ್ನ ಸ್ಥಿತಿ ಬೇರೆ. ಸಾರು ಹದವಾಗಿದೆ ಎಂದು ಯಾರಾದರೂ ಬಾಯಿತಪ್ಪಿ ಅಂದರೆ ಸಾಕು, ವಾರವೆಲ್ಲ ಅದೇ ಸಾರು ಮಾಡುತ್ತೇನೆ. ಹೊಗಳಿದವರು ತಾವಾಗಿ 'ಸಾಕು ಮಾರಾಯ್ತಿ' ಅನ್ನುವವರೆಗೂ ನನಗೆ ಬುದ್ಧಿ ಬರುವುದಿಲ್ಲ. ಈಗ ಹೇಳಹೊರಟಿರುವುದು ಈ ದೌರ್ಬಲ್ಯದಿಂದ ನನಗಾದ ಅವಮಾನದ ಕಥೆ. ಅವಮಾನ ಅನ್ನುವುದೂ ಅಷ್ಟು ಸರಿಯಲ್ಲ. ಅದನ್ನು ಬೇರೆಯವರು ಮಾಡುತ್ತಾರೆ. ಇದನ್ನು ನಾನೇ ಆನ್‌ಲೈನಿನಲ್ಲಿ ಆರ್ಡರ್ ಕೊಟ್ಟು ತರಿಸಿಕೊಂಡೆ.

ಲಂಡನ್ನಿನ ಕೆಂಟನ್ ಬಡಾವಣೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಅಪಾಯಿಂಟ್‌ಮೆಂಟ್ ಕೊಡುವ ಆಫೀಸು ನಮ್ಮದು. ಕೊಡುವ ಅನ್ನುವುದಕ್ಕಿಂತ ಮುಂದಕ್ಕೆ ಹಾಕುವ ಅಂದರೆ ಹೆಚ್ಚು ನಿಜ. ದಿನವಿಡೀ ಫೋನಿನಲ್ಲಿ ಬೈಸಿಕೊಳ್ಳುವ ಜನ ನಾವಾದ್ದರಿಂದ ಅಲ್ಲಿ ಸಿಹಿಗೆ ಬಹಳ ಮರ್ಯಾದೆ. ಯಾರ ಹುಟ್ಟುಹಬ್ಬವೋ ಅವರೇ ಎಲ್ಲರಿಗೂ ಕೇಕು ತರಬೇಕು ಎನ್ನುವುದು ಈ ಊರಿನ ಪದ್ಧತಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು, ನಮ್ಮದೂ ರುಚಿ ನೋಡಲಿ ಎಂದು, ರವೆ ಉಂಡೆ ಮಾಡಿಕೊಂಡು ಹೋಗಿದ್ದೆ. ಪಾಕ ಕೊಂಚ ಏರಿತ್ತು. ನಮ್ಮ ಮೇಲಧಿಕಾರಿ ಡೆರೆಕ್ ಒಂದನ್ನು ಬಾಯಿಗಿಟ್ಟು, ಆ ಕಡೆಯ ದವಡೆಯಿಂದ ಈ ಕಡೆಯ ದವಡೆಗೆ ಸಾಗಿಸುತ್ತ ಒಂದಿಡೀ ಮೀಟಿಂಗ್ ನಡೆಸಿದ. ಕೊನೆಗೆ, "ಇಂಟರೆಸ್ಟಿಂಗ್," ಅಂದ. ಇಂಗ್ಲಿಷರು ಇಂಟರೆಸ್ಟಿಂಗ್ ಅಂದರೆ ಏನರ್ಥ ಎಂದು ನಮ್ಮವರು ಆ ಸಂಜೆ ನನಗೆ ಬಿಡಿಸಿ ಹೇಳಿದರು. ಅಲ್ಲಿಗೆ ರವೆ ಉಂಡೆ ಮುಗಿಯಿತು.

ಆಗ ನನ್ನ ಪಕ್ಷ ವಹಿಸಿದವಳು ಪಾಲೀನ್. ನಮ್ಮೆಲ್ಲರಿಗಿಂತ ಹಿರಿಯಳು, ಎತ್ತರದ ಹೆಂಗಸು, ಮಾತು ಕಮ್ಮಿ. ಯಾರ ಹುಟ್ಟುಹಬ್ಬವಿದ್ದರೂ, ಅವರೇನೇ ತರಲಿ, ಆಕೆ ಮನೆಯಲ್ಲಿ ಒಂದು ನಿಂಬೆಹಣ್ಣಿನ ಕೇಕ್ ಮಾಡಿ ಹಳೆಯ ತಗಡಿನ ಡಬ್ಬಿಯಲ್ಲಿಟ್ಟು ತರುತ್ತಿದ್ದಳು. ನಾನು ಮೊಟ್ಟೆ ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಪ್ರತಿಸಲವೂ ನನಗೆಂದೇ ಪುಟ್ಟದೊಂದು ಕೇಕನ್ನು ಬೇರೆ ಮಾಡುತ್ತಿದ್ದಳು. ಮೊಟ್ಟೆಯ ಬದಲು ಬಾಳೆಹಣ್ಣು ಹಿಸುಕಿ ಹಾಕಿದ್ದು. ನನಗೆ ತಿಳಿದಂತೆ ಅದಕ್ಕಿಂತ ಗಟ್ಟಿಯಾದ ಪದಾರ್ಥವನ್ನು ಬಾಳೆಹಣ್ಣಿನಿಂದ ಯಾರೂ ಮಾಡಿಲ್ಲ. ಆದರೂ ನಾನು ಚೂರೂ ಬಿಡದೆ ತಿಂದು, "ಎಷ್ಟು ಚೆನ್ನಾಗಿದೆ ಪಾಲೀನ್," ಅನ್ನುತ್ತಿದ್ದೆ. ಆಕೆಯ ಮುಖ ಅರಳುತ್ತಿತ್ತು.

ಹೋದ ವರ್ಷ ಪಾಲೀನ್ ಮಂಡಿಯ ಆಪರೇಷನ್ನಿಗೆಂದು ದೀರ್ಘ ರಜೆ ಹಾಕಿದಳು. ಆ ನಡುವೆ ನನ್ನ ಹುಟ್ಟುಹಬ್ಬ ಬಂತು. ಅಂಗಡಿಯ ಮಾಮೂಲಿ ಕೇಕು ಒಯ್ಯಲು ಮನಸ್ಸಾಗದೆ, ನನ್ನ ಮಗಳ ಫೋನಿನಲ್ಲಿ ಕಂಡ ಒಂದು ದೊಡ್ಡ ಬೇಕರಿಯಿಂದ ಪುಟ್ಟ ಪುಟ್ಟ ಕೇಕುಗಳನ್ನು ತರಿಸಿದೆ. ಗುಲಾಬಿ ಮತ್ತು ಪಿಸ್ತಾ, ಮೇಲೆ ನಿಜವಾದ ಹೂವಿನ ಎಸಳು, ಪೆಟ್ಟಿಗೆಗೆ ರೇಷ್ಮೆಯ ಪಟ್ಟಿ. ಮುಚ್ಚಳ ತೆಗೆದ ಕೂಡಲೇ ಆಫೀಸೇ ಎದ್ದು ಬಂತು. ಅವುಗಳಲ್ಲಿ ಮೊಟ್ಟೆ ಇತ್ತು. ನಾನು ತಿನ್ನುವ ಯೋಚನೆಯಲ್ಲಿರಲಿಲ್ಲ, ಹಂಚಿ ಸುಮ್ಮನಿರುವುದೆಂದುಕೊಂಡಿದ್ದೆ. ಆದರೆ ಡೆರೆಕ್, "ಹುಟ್ಟುಹಬ್ಬದವಳು ಮೊದಲು," ಎಂದು ಎಲ್ಲರೆದುರು ತಟ್ಟೆ ಮುಂದೆ ಹಿಡಿದ. ತಾನೇ ತಂದದ್ದನ್ನು ತಾನೇ ತಿನ್ನುವುದಿಲ್ಲ ಎಂದರೆ ತಿನ್ನುವವರಿಗೆ ಹೇಗೆನಿಸೀತು? ಒಂದು ತುಣುಕು ಬಾಯಿಗೆ ಹಾಕಿಕೊಂಡೆ. ಧರ್ಮ ಕೆಟ್ಟಿತು ಎಂದು ಅಳಬೇಕಾದ ಹೊತ್ತಿನಲ್ಲಿ ನನಗೆ ಹೊಳೆದದ್ದು ಒಂದೇ: ಹಾಗಾದರೆ ಕೇಕು ಅಂದರೆ ಇಷ್ಟು ಮೆತ್ತಗಿರುತ್ತದೆ.

ಆಮೇಲೆ ಹಿಡಿಯುವವರಿರಲಿಲ್ಲ. ಯುಗಾದಿಗೆ ಕೇಕು. ಮಗಳು ಡ್ರೈವಿಂಗ್ ಟೆಸ್ಟ್ ಪಾಸಾದದ್ದಕ್ಕೆ ಕೇಕು. ಟ್ಯೂಬ್ ರೈಲಿನ ಮುಷ್ಕರ ಮುಗಿದದ್ದಕ್ಕೆ ಕೇಕು, ನಾನು ಬಸ್ಸಿನಲ್ಲಿ ಓಡಾಡುವವಳಾದರೂ. ಬೇರೆ ವಿಭಾಗದವರು ಕೂಡ ಏನೋ ವಿಚಾರಿಸುವ ನೆಪದಲ್ಲಿ ಬಂದು, "ವಿಜ್, ನೀನು ದೇವತೆ," ಎಂದು ಹೇಳಿ ಒಂದೊಂದು ಎತ್ತಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಮಾತ್ರ ನಾನು ಹಳೆಯ ವಿಜಯಾ. ಮಗಳು ಗೆಳತಿಯ ಮನೆಯಲ್ಲಿ ಆಮ್ಲೆಟ್ ತಿಂದು ಬಂದಳೆಂದು ಒಂದು ದಿನ ಅವಳಿಗೆ ನಮ್ಮ ಅಜ್ಜಿಯ ಮಡಿಯ ಬಗ್ಗೆ ದೊಡ್ಡ ಉಪನ್ಯಾಸವನ್ನೇ ಕೊಟ್ಟೆ. ಅವಳು, "ಓಕೆ ಅಮ್ಮ, ಸಾರಿ," ಅಂದಳು. ಆ ಮಧ್ಯಾಹ್ನ ನಾನು ಆಫೀಸಿನಲ್ಲಿ ತಿಂದಿದ್ದು ಚಾಕೊಲೇಟಿನದು.

ಆ ದಿನಗಳಲ್ಲೇ ನಮ್ಮಲ್ಲಿಗೆ ಜಿಗ್ನಾ ಎಂಬ ಹುಡುಗಿ ಹೊಸದಾಗಿ ಸೇರಿದಳು. ಗುಜರಾತಿ ಜೈನರ ಪೈಕಿ. ಮನೆಯಿಂದ ಥೇಪ್ಲಾ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದಳು. ಮೊದಲ ಸಲ ಪೆಟ್ಟಿಗೆ ಒಡ್ಡಿದಾಗ, "ಮೊಟ್ಟೆ ಇರುತ್ತಲ್ಲ ವಿಜಯಾಬೆನ್, ನಮಗೆ ಆಗಲ್ಲ," ಎಂದು ನಗುತ್ತಲೇ ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಿದ್ದಳು. ಇಡೀ ಆಫೀಸಿನಲ್ಲಿ ಅವಳ ಕಷ್ಟ ಅರ್ಥವಾಗಬೇಕಿದ್ದವಳು ನಾನು. ಅದೇ ಬೇಕರಿಯವರು ಮೊಟ್ಟೆಯಿಲ್ಲದ್ದನ್ನೂ ಮಾಡುತ್ತಿದ್ದರು. ಅವಳಿಗಾಗಿ ಒಂದನ್ನು ಸೇರಿಸುವುದು ನನಗೆ ಒಂದು ದಿನವೂ ತೋಚಲಿಲ್ಲ.

ಇನ್ನು ಆ ಬೆಳಿಗ್ಗೆಯ ವಿಷಯ. ಆವತ್ತಿನ ಕೇಕಿಗೆ ಕಾರಣ, ನಮ್ಮ ಮನೆಗೆ ಹೊಸ ಬಾಯ್ಲರ್ ಹಾಕಿಸಿದ್ದು. ನಾಚಿಕೆಯಾದರೂ ಇರುವುದನ್ನು ಹೇಳುತ್ತಿದ್ದೇನೆ. ಕಿಟಕಿಯ ಬಳಿಯ ಮೇಜಿನ ತುಂಬ ಪೆಟ್ಟಿಗೆ ಬಿಚ್ಚಿಟ್ಟು, ನಾನೊಂದು ಗುಲಾಬಿ ಪಿಸ್ತಾ ಬಾಯಿಗಿಟ್ಟುಕೊಂಡಿದ್ದೆ. ಬಾಗಿಲು ತೆರೆಯಿತು. ಮುಂದಿನ ವಾರ ಬರಬೇಕಿದ್ದ ಪಾಲೀನ್, ಮನೆಯಲ್ಲಿ ಕೂತು ಬೇಸತ್ತು, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ ಹಿಡಿದು ನಿಂತಿದ್ದಳು. ತನ್ನ ಕೆಲಸವನ್ನು ಇಷ್ಟು ದಿನ ನಾವು ಹಂಚಿಕೊಂಡು ಮಾಡಿದೆವೆಂದು ಕೇಕು ಮಾಡಿಕೊಂಡು ಬಂದಿದ್ದಳು. ಮೇಜನ್ನು ನೋಡಿ, "ಅಬ್ಬ, ಎಷ್ಟು ಚೆಂದ ಇವೆ," ಅಂದಳು. ಡಬ್ಬಿ ಇಡಲು ಜಾಗವಿರಲಿಲ್ಲ. ಪ್ರಿಂಟರಿನ ಮೇಲೆ ಇಟ್ಟಳು.

ಎಲ್ಲರೂ ಅವಳನ್ನು ಅಪ್ಪಿಕೊಂಡು ಮಂಡಿಯ ಸಮಾಚಾರ ಕೇಳಿದರು. ಕೇಳುತ್ತ ಕೇಳುತ್ತ ಕೈ ಮಾತ್ರ ನನ್ನ ಪೆಟ್ಟಿಗೆಗಳ ಕಡೆಗೇ ಹೋಗುತ್ತಿತ್ತು. ಪಾಲೀನ್ ಚೀಲದೊಳಗಿಂದ ಬೆಳ್ಳಿಹಾಳೆಯಲ್ಲಿ ಸುತ್ತಿದ ಪುಟ್ಟ ಗಂಟೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ನಿನ್ನದು ಬೇರೆ ಮಾಡಿದ್ದೀನಿ ವಿಜ್. ಈ ಸಲ ನಿನ್ನ ಹುಟ್ಟುಹಬ್ಬಕ್ಕೆ ನಾನಿರಲಿಲ್ಲವಲ್ಲ."

ನನ್ನ ಬಾಯಿ ತುಂಬಿತ್ತು. ತುಟಿಯ ಮೇಲೆ ಕ್ರೀಮು ಇತ್ತೆಂದು ಆಮೇಲೆ ತಿಳಿಯಿತು. ಆಕೆ ನನ್ನ ತಟ್ಟೆ ನೋಡಿ, ಯಾವ ವ್ಯಂಗ್ಯವೂ ಇಲ್ಲದೆ, ನನ್ನ ಸಲುವಾಗಿ ಸಂತೋಷಪಟ್ಟವಳಂತೆ ಕೇಳಿದಳು: "ಓ, ಇವು ಮೊಟ್ಟೆ ಇಲ್ಲದವಾ?"

ಹೌದೆಂದು ತಲೆಯಾಡಿಸಿದೆ. ಅಷ್ಟಕ್ಕೇ ಬಿಡಬಹುದಿತ್ತು. ನುಂಗಿಕೊಂಡು, "ಎಗ್‌ಲೆಸ್. ಎಲ್ಲವೂ," ಎಂದು ಬಾಯಿಬಿಟ್ಟು ಹೇಳಿದೆ.

ಆ ಮಾತು ಜಿಗ್ನಾಳ ಕಿವಿಗೆ ಬಿತ್ತು. ಅವಳು ಹೆಡ್‌ಸೆಟ್ ತೆಗೆದಿಟ್ಟು ಎದ್ದು ಬಂದಳು. "ಅಂದ್ರೆ ಇಷ್ಟು ದಿನವೂ ಎಗ್‌ಲೆಸ್ಸೇ ತರಿಸ್ತಿದ್ರಾ ವಿಜಯಾಬೆನ್? ಅದಕ್ಕೇ ನೀವೂ ತಿಂತಿದ್ರಿ. ಒಂದು ಮಾತು ಹೇಳಬಾರದಿತ್ತಾ? ದಿನಾ ವಾಸನೆ ಕುಡಿದುಕೊಂಡು ಕೂತಿದ್ದೆ ನಾನು." ಹೀಗೆನ್ನುತ್ತ ದೊಡ್ಡದೊಂದನ್ನು ಆರಿಸಿ ತಟ್ಟೆಗೆ ಹಾಕಿಕೊಂಡು ಫೋರ್ಕು ಚುಚ್ಚಿದಳು.

ನಾನು ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ; ಫೋರ್ಕು ತಟ್ಟೆಯಿಂದ ಅವಳ ಗಲ್ಲದವರೆಗೆ ಏರುವಷ್ಟು ಹೊತ್ತು ಬಂದಿತ್ತು. ನಾನು ತಿಂದರೆ ಅದು ನನಗೂ ನನ್ನ ದೇವರಿಗೂ ಬಿಟ್ಟ ವಿಷಯ. ಆದರೆ ನನ್ನ ಮಾತು ನಂಬಿ ಆ ಹುಡುಗಿ ಬಾಯಿ ತೆರೆದಿದ್ದಳು. "ಬೇಡ ಕಣೇ, ತಿನ್ನಬೇಡ, ಮೊಟ್ಟೆ ಇದೆ ಅದರಲ್ಲಿ," ಎಂದು ಕೂಗಿದೆ. ಗಾಬರಿಯಲ್ಲಿ ಬಂದದ್ದು ಕನ್ನಡ. ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಯಾವುದೋ ಹಾರೈಕೆಯ ಮಾತಿರಬೇಕೆಂದು ಜಿಗ್ನಾ ನಕ್ಕು, ಫೋರ್ಕನ್ನು ಇನ್ನೂ ಮೇಲಕ್ಕೆತ್ತಿದಳು. ನಾನು ಹಾರಿ ಅವಳ ಮಣಿಕಟ್ಟು ಹಿಡಿದೆ. ಕೇಕು ಚಿಮ್ಮಿ ಡೆರೆಕ್‌ನ ಅಂಗಿಯ ಮೇಲೆ ಹೋಗಿ ಕೂತಿತು.

"ಮೊಟ್ಟೆ ಇದೆ," ಎಂದು ಈ ಸಲ ಇಂಗ್ಲಿಷಿನಲ್ಲಿ ಹೇಳಿದೆ. "ಎಲ್ಲದರಲ್ಲೂ ಇದೆ. ಮೊದಲಿಂದಲೂ ಇತ್ತು."

ಎಲ್ಲೋ ಫೋನು ಹೊಡೆದುಕೊಳ್ಳುತ್ತಿತ್ತು, ಯಾರೂ ಎತ್ತಲಿಲ್ಲ. ಡೆರೆಕ್ ಅಂಗಿಯ ಮೇಲಿನ ಗುಲಾಬಿ ಎಸಳನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತ. ಜಿಗ್ನಾ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟು, ತಿನ್ನದಿದ್ದರೂ ಕೈ ತೊಳೆಯಲು ಹೋದಳು. ಪಾಲೀನ್ ನನ್ನ ತಟ್ಟೆಯಲ್ಲಿ ಉಳಿದಿದ್ದ ಅರ್ಧ ಕೇಕನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನನ್ನ ಮೇಜಿನ ಮೇಲಿದ್ದ ಬೆಳ್ಳಿಹಾಳೆಯ ಗಂಟನ್ನು ಎತ್ತಿಕೊಂಡು, ಕೋಲೂರುತ್ತ ಹೋಗಿ ಜಿಗ್ನಾಳ ಮೇಜಿನ ಮೇಲೆ ಇಟ್ಟಳು. ಅವಳು ಹಿಂದಿರುಗಿದಾಗ, "ಇದು ನಾನೇ ಮಾಡಿದ್ದು. ಮೊಟ್ಟೆ ಹಾಕಿಲ್ಲ," ಅಂದಳು. ಜಿಗ್ನಾ ಒಂದು ಪ್ರಶ್ನೆಯೂ ಇಲ್ಲದೆ ಅದನ್ನು ಬಿಚ್ಚಿ ತಿಂದಳು. ಆ ಗಟ್ಟಿ ಬಾಳೆಹಣ್ಣಿನ ಕೇಕಿಗಾಗಿ ನನಗೆ ಹೊಟ್ಟೆಕಿಚ್ಚಾದದ್ದು ಅದೇ ಮೊದಲು.

ಸಂಜೆ ಬಸ್ ಸ್ಟಾಪಿನಲ್ಲಿ ಪಾಲೀನ್ ಒಬ್ಬಳೇ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಕ್ಷಮಿಸು ಎಂದೆ, ಡೆರೆಕ್ ಎಲ್ಲರೆದುರು ತಟ್ಟೆ ಹಿಡಿದದ್ದು, ಬೇಡವೆನ್ನಲು ಸಂಕೋಚವಾದದ್ದು, ಎಲ್ಲ ಹೇಳಿದೆ.

"ನೀನು ಮೊಟ್ಟೆ ತಿಂದರೆ ನನಗೇನು ವಿಜ್," ಎಂದಳು. "ಮೊನ್ನೆ ಶನಿವಾರ ನನಗೆ ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಸ್ಟೂಲಿನ ಮೇಲೆ ಕೂತು ಬಾಳೆಹಣ್ಣು ಹಿಸುಕಿದೆ. ದೊಡ್ಡ ಕೇಕು ಸಾಕು ಅಂದ್ಳು ನನ್ನ ತಂಗಿ. ಇಲ್ಲ, ವಿಜ್‌ಗೆ ಬೇರೆ ಬೇಕು ಅಂದೆ."

ಬಸ್ಸು ಬಂದು, ನಾವು ಏಳದ್ದನ್ನು ಕಂಡು ಹೊರಟುಹೋಯಿತು.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು. "ಆ ಬಾಳೆಹಣ್ಣಿನದು ನಿನಗೆ ಇಷ್ಟವಿತ್ತಾ?"

ಆ ಒಂದು ದಿನಕ್ಕೆ ಸುಳ್ಳು ಸಾಕಾಗಿತ್ತು. "ಇರಲಿಲ್ಲ," ಎಂದೆ. "ಬಹಳ ಗಟ್ಟಿ ಇರ್ತಿತ್ತು."

"ಗೊತ್ತು. ಒಂದು ಸಲ ಹಕ್ಕಿಗಳಿಗೆ ಹಾಕಿ ನೋಡಿದ್ದೆ, ಅವೂ ಮುಟ್ಟಲಿಲ್ಲ," ಎಂದು ಪಾಲೀನ್ ಹೇಳಿದಳು. "ನೀನು ಮಾತ್ರ ಪೂರ್ತಿ ತಿಂತಿದ್ದೆ. ಇರಲಿ, ಇಡೀ ಲಂಡನ್ನಿನಲ್ಲಿ ಒಬ್ಬಳಿಗಾದ್ರೂ ಹಿಡಿಸಿದೆ ಅಂದುಕೊಂಡಿದ್ದೆ." ಆಮೇಲೆ ಆಕೆ ನಕ್ಕಳು. ನಾನು ನಗಲು ಹೋಗಿ ಅತ್ತುಬಿಟ್ಟೆ. ಆಕೆ ಚೀಲದಿಂದ ಟಿಶ್ಯೂ ತೆಗೆದು ಕೊಟ್ಟು, ಎದ್ದು ನಿಲ್ಲಲು ನನ್ನ ಭುಜದ ಆಸರೆ ತೆಗೆದುಕೊಂಡಳು. ಮುಂದಿನ ಬಸ್ಸಿಗೆ ಇಬ್ಬರೂ ಹತ್ತಿದೆವು.

ಮನೆಯಲ್ಲಿಯೂ ಹೇಳದೆ ವಿಧಿಯಿರಲಿಲ್ಲ. ಊಟಕ್ಕೆ ಕೂತಾಗ ಎಲ್ಲವನ್ನೂ ಒಪ್ಪಿಸಿದೆ. ನಮ್ಮವರು ಅನ್ನ ಕಲಸುವುದನ್ನು ನಿಲ್ಲಿಸದೆ, "ಅಷ್ಟೇನಾ? ನಿನ್ನ ಮುಖ ನೋಡಿ ಕೆಲಸ ಹೋಯ್ತೇನೋ ಅಂದ್ಕೊಂಡಿದ್ದೆ ಕಣೆ," ಅಂದರು. ಮಗಳು ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದಳು. "ಸೋ ದ ಅಜ್ಜಿ ಲೆಕ್ಚರ್ ವಾಸ್ ಜಸ್ಟ್ ಫಾರ್ ಮಿ?" ಎಂದು ಕೇಳಿದಳು. ಅವಳಿಗೆ ಇನ್ನೊಂದು ಚಮಚ ತುಪ್ಪ ಬಡಿಸಿದೆ.

ಬೇಕರಿಯಿಂದ ತರಿಸುವುದನ್ನು ನಿಲ್ಲಿಸಿದೆ. ಮೊಟ್ಟೆಯನ್ನೂ ಬಿಟ್ಟೆ, ಧರ್ಮಕ್ಕಿಂತ ಹೆಚ್ಚಾಗಿ ಮಗಳ ನೋಟಕ್ಕೆ ಹೆದರಿ. ದೀಪಾವಳಿ ಬಂದಾಗ ಆಫೀಸಿಗೆ ಏನಾದರೂ ಒಯ್ಯಲೇಬೇಕೆನಿಸಿತು. ಹತ್ತಿರದ ಹ್ಯಾರೋದ ಇಂಡಿಯನ್ ಅಂಗಡಿಯಿಂದ ಒಳ್ಳೆಯ ತೆಂಗಿನಕಾಯಿ ತಂದು, ತುರಿದು, ಸಣ್ಣ ಉರಿಯಲ್ಲಿ ನಿಂತು ಕಾಯಿಸಿ, ಕೊಬ್ಬರಿ ಮಿಠಾಯಿ ಮಾಡಿದೆ. ಪಾಕ ಈ ಸಲ ಹದವಾಗಿತ್ತು. ಡಬ್ಬಿಯನ್ನು ಮೊದಲು ಜಿಗ್ನಾಳ ಮುಂದೆ ಹಿಡಿದೆ.

ಅವಳು ಕೈ ಚಾಚಿದವಳು ಸ್ವಲ್ಪ ತಡೆದು, "ಇದರಲ್ಲಿ ಮೊಟ್ಟೆ..." ಎಂದಳು.

"ಇಲ್ಲಮ್ಮ. ತೆಂಗಿನಕಾಯಿ, ಸಕ್ಕರೆ, ಏಲಕ್ಕಿ. ಅಷ್ಟೇ."

ಜಿಗ್ನಾ ನನ್ನ ಮುಖ ನೋಡಿದಳು. ಮರುಕ್ಷಣ ಅವಳ ಕಣ್ಣು ನನ್ನ ಭುಜದ ಮೇಲಿಂದ ಪಾಲೀನ್ ಕಡೆಗೆ ಹೋಯಿತು. ಪಾಲೀನ್ ಎದ್ದು ಬಂದು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ಆಫೀಸಿನವರೆಲ್ಲ ಕಾದರು. ನಾನೂ, ಒಳಗೆ ನಿಜವಾಗಿ ಏನಿದೆಯೋ ಎನ್ನುವವಳ ಹಾಗೆ, ಕಾದೆ.

"ಮೊಟ್ಟೆ ಇಲ್ಲ," ಎಂದು ಪಾಲೀನ್ ಹೇಳಿದಳು. "ತಿನ್ನಬಹುದು."

ಜಿಗ್ನಾ ತೆಗೆದುಕೊಂಡಳು. ಮೈಸೂರಿನ ಸಸ್ಯಾಹಾರಿ ಮನೆತನದ ಹೆಂಗಸು ಕೈಯಾರೆ ಮಾಡಿದ ಕೊಬ್ಬರಿ ಮಿಠಾಯಿ ಶುದ್ಧ ಸಸ್ಯಾಹಾರವೆಂದು ಇಂಗ್ಲಿಷ್ ಹೆಂಗಸೊಬ್ಬಳು ಸರ್ಟಿಫಿಕೇಟು ಕೊಟ್ಟ ಮೇಲೆ, ಡಬ್ಬಿ ಆಫೀಸಿನ ಸುತ್ತ ಹೊರಟಿತು. ಚೆನ್ನಾಗಿದೆ ಎಂದು ನಾಲ್ಕಾರು ಜನ ಹೇಳಿದರು ಕೂಡ. ಹೇಳಿದ್ದು ಪಾಲೀನ್‌ಗೆ.