ಸೀಸೆ ತರದವರ ಮೌಢ್ಯ

ಓದಿ ಮುಗಿಸಿದ ಡಾಕ್ಟರನ್ನು ಮತ್ತೆ ಓದಲು ಕಳಿಸಿದರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಯುದ್ಧದ ಕಾಲ. ಇಲಾಖೆಯಲ್ಲಿ ಮೇಲಕ್ಕೇರಲು ನನಗೆ ಇನ್ನೊಂದು ಡಿಪ್ಲೊಮಾ ಬೇಕಿತ್ತು, ಅದಕ್ಕೊಂದು ಪ್ರಬಂಧ. ಮಂಡ್ಯದ ಸೀಮೆಗೆ ನಾಲೆ ನೀರಿನ ಜೊತೆ ಮಲೇರಿಯಾನೂ ಬಂದಿತ್ತು. ಆದರೂ ಹಳ್ಳಿಯವರು ಸರ್ಕಾರಿ ಡಿಸ್ಪೆನ್ಸರಿಗೆ ಯಾಕೆ ಬರುವುದಿಲ್ಲ ಎಂಬುದು ನನ್ನ ವಿಷಯ. "ಮೌಢ್ಯ" ಎಂದು ಪ್ರೊಫೆಸರ್ ಸಾಹೇಬರು ಉತ್ತರವನ್ನು ಮೊದಲೇ ಹೇಳಿಬಿಟ್ಟಿದ್ದರು. ಆ ಉತ್ತರಕ್ಕೆ ತಕ್ಕ ಜನರನ್ನು ಹುಡುಕಿಕೊಡುವುದಷ್ಟೇ ನನ್ನ ಕೆಲಸ. ಸಿಗದಿದ್ದರೆ ಪ್ರಬಂಧಕ್ಕೆ ಸಾಹೇಬರ ಸಹಿ ಇಲ್ಲ, ಸಹಿ ಇಲ್ಲದೆ ಡಿಪ್ಲೊಮಾ ಇಲ್ಲ.

೧. ತಲೆ ಲೆಕ್ಕ

ಮದ್ದೂರಿನ ಹತ್ತಿರದ ಹಳ್ಳಿ, ಮೊದಲನೇ ಮನೆ. ಜಗಲಿ ಮೇಲೆ ಕೂತಿದ್ದ ಯಜಮಾನರನ್ನು, "ಮನೇಲಿ ಎಷ್ಟು ಜನ?" ಅಂತ ಕೇಳಿದೆ. ಅವರು ನನ್ನ ಕೈಲಿದ್ದ ಕಾಗದ ನೋಡಿ, "ರೇಸನ್‌ಗಾ, ಪಟಾಲಂಗಾ?" ಅಂದರು. ರೇಷನ್ನಿಗಾದರೆ ತಲೆ ಜಾಸ್ತಿ, ಸೈನ್ಯಕ್ಕಾದರೆ ಕಮ್ಮಿ.

"ಎರಡಕ್ಕೂ ಅಲ್ಲ, ಕಾಯಿಲೆ ಲೆಕ್ಕಕ್ಕೆ."

"ಕಾಯ್ಲೆ ಇದ್ರೆ ಏನಾರ ಕೊಡ್ತೀರಾ?"

"ಕೊಡಲ್ಲ. ಬರಕೊಳ್ತೀನಿ."

"ಅಂಗಾದ್ರೆ ಯಾರೂ ಇಲ್ಲ ಕಣ್ ಸ್ವಾಮಿ. ನಾನೂ ಇಲ್ಲ" ಅಂದವರೇ ಎದ್ದು ಒಳಗೆ ಹೋದರು.

೨. ಗೆಡ್ಡೆ

ಚಳಿಜ್ವರ ಹಳೆಯದಾದರೆ ಹೊಟ್ಟೆಯ ಎಡಗಡೆ ಗುಲ್ಮ ಊದುತ್ತದೆ. ಜನ ಅದಕ್ಕೆ ಜ್ವರಗೆಡ್ಡೆ ಅನ್ನುತ್ತಾರೆ. ಮಳವಳ್ಳಿ ಕಡೆಯ ಒಂದೂರಲ್ಲಿ, ಗೆಡ್ಡೆ ಇರುವವರೆಲ್ಲ ಬೆಳಿಗ್ಗೆ ಚಾವಡಿಗೆ ಬರಬೇಕು ಅಂತ ತಮಟೆ ಹೊಡೆಸಿ ಸಾರಿಸಿದೆ. "ಜ್ವರ" ಎಂಬ ಮಾತು ತಮಟೆ ಸದ್ದಿನಲ್ಲಿ ಹೋಯಿತೋ, ನಾನೇ ಹೇಳಲಿಲ್ಲವೋ, ಬೆಳಿಗ್ಗೆ ಚಾವಡಿ ತುಂಬ ಸುವರ್ಣಗೆಡ್ಡೆ, ಗೆಣಸು. ಸರ್ಕಾರ ಮನೆಮನೆಯ ದವಸವನ್ನು ಲೆವಿ ಅಂತ ಎತ್ತುತ್ತಿದ್ದ ಕಾಲ; ಈಗ ಗೆಡ್ಡೆಗೂ ಬಂತು ಅಂದುಕೊಂಡಿದ್ದರು. ಇದಲ್ಲ, ನೋಡಬೇಕಾದ್ದು ಹೊಟ್ಟೆ ಅಂತ ಹೇಳಿ ಮುಂದಿದ್ದ ಮುದುಕನ ಹೊಟ್ಟೆ ಒತ್ತಿದೆ. ಆತ ಬೆಚ್ಚಿ ಹಿಂದೆ ಸರಿದ.

"ತಿಂದಿರೋದ್ನೂ ಬುಡಲ್ವಾ ಸ್ವಾಮಿ?"

೩. ಸೀಸೆ

ಕೆರಗೋಡಿನಲ್ಲಿ ಒಬ್ಬ ಹೆಂಗಸು ಕಂಬಳಿ ಹೊದ್ದು ನಡುಗುತ್ತಿದ್ದಳು. ಡಿಸ್ಪೆನ್ಸರಿಗೆ ಯಾಕಮ್ಮ ಹೋಗಲಿಲ್ಲ ಅಂದೆ.

"ಔಸ್ದಿ ಉಯ್ಸ್ಕೊಳಕ್ಕೆ ಸೀಸೆ ಇಲ್ಲ ಸ್ವಾಮಿ. ನಮ್ ಕೇರಿಗಿರೋದು ಒಂದೇ ಸೀಸೆ. ಓದ ವಾರದಿಂದ ಅದು ಪಟೇಲ್ರ ಮನೇಲಿ ಅದೆ."

ಸೀಸೆ ಇಲ್ಲವೆಂದು ಜೀವಕ್ಕೆ ಎರವಾಗುವುದೇ ಎಂದು ನನಗೆ ಸಿಟ್ಟೇ ಬಂತು. ಚೆನ್ನಾಗಿ ಭಾಷಣ ಬಿಗಿದು, ಕಾಗದದಲ್ಲಿ "ಮೌಢ್ಯ" ಎಂದು ಬರೆದುಕೊಂಡೆ. ಏನು ಬರೆದಿರಿ ಅಂತ ಅವಳು ಕೇಳಿದಳು. ಹೇಳಿದೆ. ಅಂಗಂದ್ರೇನು ಅಂದಳು. ತಿಳಿವಳಿಕೆ ಇಲ್ಲದಿರೋದು ಅಂದೆ. ಅವಳು ಕಂಬಳಿ ಎಳೆದುಕೊಂಡಳು.

ಹದಿನೈದು ದಿನಕ್ಕೆ ಚಳಿಜ್ವರ ನನ್ನನ್ನೂ ಹಿಡಿಯಿತು. ಪ್ರಬಂಧದಲ್ಲಿ ಬರೆಯಲು ಉಳಿದಿದ್ದದ್ದು ಕೊನೆಯ ಅಧ್ಯಾಯ ಒಂದೇ. ಮಾರನೇ ದಿನ ಟಪಾಲಿಗೆ ಹಾಕಬೇಕು. ಕಂಬಳಿ ಸುತ್ತಿಕೊಂಡು ಡಿಸ್ಪೆನ್ಸರಿಗೆ ಹೋದೆ. ಕಾಂಪೌಂಡರು ತಲೆ ಎತ್ತದೆ, "ಸೀಸೆ?" ಅಂದರು.

"ನಾನು ಡಾಕ್ಟರು."

"ಸಂತೋಷ. ಮಿಕ್ಸ್ಚರು ಬೊಗಸೆಗೆ ಹುಯ್ಯಲಾ?"

ವಾಪಸು ತಿರುಗಿದರೆ ಸಾಲಿನಲ್ಲಿ ಅದೇ ಕೆರಗೋಡಿನ ಹೆಂಗಸು, ಕೈಯಲ್ಲಿ ಕೇರಿಯ ಸೀಸೆ.

"ಯಾಕ್ ಸ್ವಾಮಿ, ಅಂಗೇ ಓಯ್ತಾ ಇದೀರಿ?"

"ಸೀಸೆ ಇಲ್ಲಮ್ಮ."

ಅವಳು ಹಿಂದಿದ್ದವಳ ಕಡೆ ತಿರುಗಿ, ನಿಧಾನವಾಗಿ ತಿಳಿಸಿ ಹೇಳಿದಳು: "ಮೌಡ್ಯ ಕಣಮ್ಮ."

ರೂಮಿನಲ್ಲಿದ್ದದ್ದು ಮಸಿ ಸೀಸೆ ಒಂದೇ. ಅದರಲ್ಲಿದ್ದ ಕೊನೆಯ ಅಧ್ಯಾಯವನ್ನು ಚರಂಡಿಗೆ ಸುರಿದು, ಸೀಸೆ ತೊಳೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಡಿಪ್ಲೊಮಾ ಬರಲಿಲ್ಲ. ಜ್ವರ ಬಿಟ್ಟಿತು.