ಸ್ವಾಗತ ಕೊಠಡಿಯ ಫೋಟೊವನ್ನು ದಿಟ್ಟಿಸಿ ನೋಡುವ ಬಗ್ಗೆ

ರಾಯಭಾರ ಕಚೇರಿ
(ಸೌಜನ್ಯ ಮತ್ತು ದುರ್ಮರಣ ಶಾಖೆ)
ಸಂಖ್ಯೆ: ರಾಕ/ಸೌದು/ಫೋಟೊ/ತಿದ್ದುಪಡಿ-೩

ಸುತ್ತೋಲೆ

ವಿಷಯ: ತನಿಖಾ ತಂಡದ ಫೋಟೊವನ್ನು ಸಂದರ್ಶಕರು ಹತ್ತಿರದಿಂದ ನೋಡುವುದನ್ನು ತಡೆಯುವ ಕುರಿತು.

ಉಲ್ಲೇಖ: ೧. ಬೆಟ್ಟದ ಲಾಡ್ಜಿನಲ್ಲಿ ನಮ್ಮ ದೇಶದ ಪ್ರವಾಸಿ ದಂಪತಿಯ ಕೊಲೆ (ಇನ್ನು ಮುಂದೆ ‘ಸದರಿ ಅನನುಕೂಲ’).
೨. ಲಾಡ್ಜಿನ ಮಾಲೀಕರಿಗೆ ಈ ಕಚೇರಿ ಬರೆದ ಕೃತಜ್ಞತಾ ಪತ್ರ.
೩. ಮೃತನ ಅಕ್ಕನವರ ಮೌಖಿಕ ಗಲಾಟೆ.

ಪ್ರಸ್ತಾವನೆ: ಸದರಿ ಅನನುಕೂಲದ ತನಿಖೆಗಾಗಿ ಪ್ರಥಮ ಕಾರ್ಯದರ್ಶಿಯವರ ತಂಡವು ಬೆಟ್ಟಕ್ಕೆ ತೆರಳಿದ್ದು ಸರಿಯಷ್ಟೆ. ಹಿರಿಯ ಅಧಿಕಾರಿ ಕಾಲಿಡುವ ಯಾವುದೇ ಕೊಠಡಿಯನ್ನು ಮುಂಚಿತವಾಗಿ ತೊಳೆಸಿಡತಕ್ಕದ್ದು ಎಂಬುದು ಶಿಷ್ಟಾಚಾರ ಶಾಖೆಯ ಸ್ಥಾಯಿ ಆದೇಶ. ಅದರಂತೆ ಕೊಲೆ ನಡೆದ ಕೊಠಡಿಯನ್ನೂ ಫೋನ್ ಮಾಡಿ ತೊಳೆಸಲಾಯಿತು. ಮಾಲೀಕರು ಖುದ್ದು ನಿಂತು ನೆಲ ಉಜ್ಜಿಸಿ, ಹಾಸಿಗೆ ಸುಡಿಸಿ, ಗೋಡೆಗೆ ಹೊಸ ಬಣ್ಣ ಹೊಡೆಸಿದ್ದರು. ತಂಡಕ್ಕೆ ಯಾವ ಕುರುಹೂ ಸಿಗಲಿಲ್ಲವಾದರೂ ಇಂಥ ಸ್ವಚ್ಛತೆಯನ್ನು ಬೇರೆಲ್ಲೂ ಕಂಡಿಲ್ಲವೆಂದು ವರದಿಯಾಗಿದೆ. ಹೊರಡುವಾಗ ಮಾಲೀಕರನ್ನು ನಡುವೆ ನಿಲ್ಲಿಸಿಕೊಂಡು ತೆಗೆಸಿದ ಫೋಟೊವನ್ನು ಸ್ವಾಗತ ಕೊಠಡಿಯಲ್ಲಿ ತೂಗುಹಾಕಲಾಗಿದೆ.

ಮೃತನ ಅಕ್ಕನವರು ಊರಿನಿಂದ ಬಂದು ದಿನವೂ ಅದರ ಎದುರೇ ಕುಳಿತಿರುತ್ತಾರೆ. ಮೊನ್ನೆ ಕನ್ನಡಕ ಏರಿಸಿಕೊಂಡು ಎದ್ದುಹೋಗಿ, ಫೋಟೊದಲ್ಲಿರುವ ಮಾಲೀಕರ ಎದೆಯ ಮೇಲೆ ಬೆರಳಿಟ್ಟು, “ಅಯ್ಯೋ, ಇದು ನನ್ ತಮ್ಮನ ಸ್ವೆಟರ್ ಕಣ್ರೀ! ಬಲಗಡೆ ತೋಳು ನೋಡಿ, ಉದ್ದ ಆಗಿದೆ. ನಾನೇ ಹೆಣೆದಿದ್ದು. ಬಿಚ್ಚಿ ಸರಿ ಮಾಡ್ಕೊಡ್ತೀನಿ ಕಣೋ ಅಂದ್ರೆ, ಬೇಡ ಬಿಡಕ್ಕಾ, ಚಳಿ ಆದ್ರೆ ಕೈ ಒಳಗೆ ಎಳ್ಕೋತೀನಿ ಅಂದಿದ್ದ” ಎಂದು ಕೂಗಿ ಅತ್ತಿದ್ದರಿಂದ ವೀಸಾ ಕೌಂಟರಿನ ಸಾಲು ಅಸ್ತವ್ಯಸ್ತಗೊಂಡಿದೆ. ಗಾಜಿನ ಮೇಲೆ ಬೆರಳಚ್ಚು ಸಹ ಮೂಡಿತ್ತು. ಈ ಪ್ರಕರಣದಲ್ಲಿ ಕಚೇರಿಗೆ ದೊರೆತ ಏಕೈಕ ಬೆರಳಚ್ಚು ಅದಾಗಿದ್ದು, ಒರೆಸಲಾಗಿದೆ.

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

೧. ಫೋಟೊವನ್ನು ಇನ್ನು ಮುಂದೆ ಛಾವಣಿಗೆ ತಾಗುವಂತೆ ತೂಗುಹಾಕತಕ್ಕದ್ದು. ಸಂದರ್ಶಕರ ಕುರ್ಚಿಗಳನ್ನು ಆ ಗೋಡೆಗೆ ಬೆನ್ನು ಮಾಡಿ ಇಡತಕ್ಕದ್ದು. ಕತ್ತು ಹೊರಳಿಸುವವರಿಗೆ ಎಚ್ಚರಿಕೆ ನೀಡತಕ್ಕದ್ದು.

೨. ಸಂದರ್ಶಕರು ತಮ್ಮ ಕನ್ನಡಕವನ್ನು ಬಾಗಿಲಲ್ಲೇ ಕಾವಲುಗಾರರಿಗೆ ಒಪ್ಪಿಸತಕ್ಕದ್ದು. ಕಾವಲುಗಾರರು ತಮ್ಮ ಕನ್ನಡಕವನ್ನು ಯಾರಿಗೆ ಒಪ್ಪಿಸಬೇಕೆಂಬ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

೩. ಹೆಣೆದವರು ತಾವೇ ಎಂಬ ಮಾತ್ರಕ್ಕೆ ಯಾರೂ ಸ್ವೆಟರಿನ ತೋಳಿನ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸುವಂತಿಲ್ಲ. ತೋಳಿನ ಉದ್ದವು ಆತಿಥೇಯ ರಾಷ್ಟ್ರದ ಆಂತರಿಕ ವಿಚಾರವಾಗಿರುತ್ತದೆ. ಈ ಕಚೇರಿ ಯಾರನ್ನೂ ಪ್ರಶ್ನಿಸುವುದಿಲ್ಲ, ಕಳವಳ ವ್ಯಕ್ತಪಡಿಸುತ್ತದೆ. ಸದರಿ ಕಳವಳವು ಉಣ್ಣೆಯ ಗುಣಮಟ್ಟಕ್ಕೆ ಸೀಮಿತವಾಗಿರತಕ್ಕದ್ದು.

೪. ಗಲಾಟೆಯ ವಿಷಯವನ್ನು ಮಾಲೀಕರಿಗೆ ಸೌಜನ್ಯಕ್ಕಾಗಿ ತಿಳಿಸಲಾಗಿ, ತಾವು ಕೋಟು ಧರಿಸಿ ಮತ್ತೊಮ್ಮೆ ಫೋಟೊಗೆ ನಿಲ್ಲಲು ಸಿದ್ಧವೆಂದು ಅವರು ತಕ್ಷಣ ಉತ್ತರಿಸಿದ್ದಾರೆ. ಇದನ್ನು ಕೇಳಿದ ಕಾರಿನ ಚಾಲಕರು, “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ” ಎಂದಿರುವುದು ಗಮನಕ್ಕೆ ಬಂದಿದೆ. ಚಾಲಕರ ಗಾದೆಗಳಿಗೆ ಇನ್ನು ಮುಂದೆ ಪೂರ್ವಾನುಮತಿ ಕಡ್ಡಾಯ.

೫. ಅಕ್ಕನವರ ಬೇಡಿಕೆ ಹೀಗಿದೆ: “ನಂಗೆ ಪರಿಹಾರಗಿರಿಹಾರ ಏನೂ ಬೇಡ. ಆ ಲಾಡ್ಜಿನವನ ಮೈ ಮೇಲಿಂದ ಆ ಸ್ವೆಟರ್ ಬಿಚ್ಚಿಸಿ, ನಿನ್ ಹತ್ರ ಹೆಂಗ್ ಬಂತಪ್ಪಾ ಅಂತ ಒಂದ್ ಮಾತು ಕೇಳಿ, ಸಾಕು.” ಇದನ್ನು ಅನುಕಂಪದಿಂದ ಪರಿಶೀಲಿಸಿ, ಕೇಳುವ ಭಾಗವನ್ನು ಕೈಬಿಟ್ಟು, ಬಿಚ್ಚಿಸುವ ಭಾಗವನ್ನು ಮಂಜೂರು ಮಾಡಲಾಗಿದೆ. ಶಿಷ್ಟಾಚಾರದ ಸ್ಥಾಯಿ ಆದೇಶವು ಬಟ್ಟೆಗಳಿಗೂ ಅನ್ವಯಿಸುವುದರಿಂದ, ಸ್ವೆಟರನ್ನು ಬಿಸಿನೀರಿನಲ್ಲಿ ಚೆನ್ನಾಗಿ ಒಗೆಸಿ, ಉದ್ದವಿರುವ ತೋಳನ್ನು ಸರಿಪಡಿಸಿಯೇ ಕಳುಹಿಸುವಂತೆ ಮಾಲೀಕರನ್ನು ಕೋರಲಾಗಿದೆ. ಅವರು ಸಂತೋಷದಿಂದ ಒಪ್ಪಿದ್ದಾರೆ.

ಸಹಿ/-
ದ್ವಿತೀಯ ಕಾರ್ಯದರ್ಶಿ
(ಪ್ರಥಮ ಕಾರ್ಯದರ್ಶಿಯವರು ಫೋಟೊದಲ್ಲಿರುವುದರಿಂದ, ಅವರ ಪರವಾಗಿ)

ಪ್ರತಿಗಳು:
ಲಾಡ್ಜಿನ ಮಾಲೀಕರಿಗೆ – ಒಗೆಯುವ ಸಲುವಾಗಿ.
ಕಾವಲುಗಾರರಿಗೆ – ಕನ್ನಡಕವಿಲ್ಲದೆ ಓದಿಕೊಳ್ಳಲು.
ಚಾಲಕರಿಗೆ – ಮೌನವಾಗಿ ಓದಿಕೊಳ್ಳಲು.
ಮೃತನ ಅಕ್ಕನವರಿಗೆ – ಸ್ವೆಟರ್ ತಲುಪಿದ ಕೂಡಲೇ, ಎರಡೂ ತೋಳು ಸಮವಾಗಿವೆಯೆಂದು ಸಹಿ ಮಾಡಿಕೊಡಲು.