ಭಾವನ ಆರು ಮೂಲೆ

ತೀರ್ಥಹಳ್ಳಿಯಲ್ಲಿ ನನ್ನ ಭಾವನ ಕೈಗೆ ಮದುವೆ ಕಾಗದ ಕೊಡಲು ಜನ ಹೆದರುತ್ತಾರೆ. ಏಕೆಂದರೆ ಅವರು ಅದನ್ನು ಮೊದಲು ಓದುವುದಿಲ್ಲ, ಬಗ್ಗಿಸಿ ನೋಡುತ್ತಾರೆ. ಮೆತ್ತಗಿದ್ದರೆ ಮುಖ ಸಪ್ಪೆ. ಗಟ್ಟಿಯಿದ್ದರೆ, ಹುಡುಗ ಯಾರೆಂದು ತಿಳಿಯುವ ಮೊದಲೇ, ಒಳ್ಳೆಯ ಸಂಬಂಧ ಎಂದು ಹೊಗಳಿಬಿಡುತ್ತಾರೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಪಂಪ್‌ಸೆಟ್ ರಿಪೇರಿಯಲ್ಲೇ ಕೈ ಕಪ್ಪಾಗಿಸಿಕೊಂಡ, ಹುರಿಮೀಸೆಯ ಆಜಾನುಬಾಹು. ಇಂಥವರ ಕೈಗೆ ಸೂಜಿ ಬಂದದ್ದು ಹೇಗೆ ಅಂತೀರಾ? ಹೊಳೆದಂಡೆಯಲ್ಲಿ ಪಂಪು ಇಳಿಸುವಾಗ ಜಾರಿಬಿದ್ದು ಮಂಡಿಚಿಪ್ಪು ಒಡೆದುಕೊಂಡು ಮಂಚ ಹಿಡಿದಿದ್ದರು. ಬೇಸರಕ್ಕೆ ಮೊಬೈಲು ನೋಡುತ್ತಿದ್ದಾಗ ಯಾವುದೋ ದೇಶದ ಅಜ್ಜಿಯೊಬ್ಬಳು ಕಣ್ಣಿಗೆ ಬಿದ್ದಳು. ಆರು ಮೂಲೆಯ ಗಟ್ಟಿ ಕಾಗದದ ಸುತ್ತ ಬಟ್ಟೆ ಮಡಚಿ, ಕಚ್ಚಾ ಹೊಲಿಗೆ ಹಾಕಿ, ಅಂಥ ತುಂಡುಗಳನ್ನು ಅಂಚಿಗೆ ಅಂಚು ಸೇರಿಸಿ ಕೌದಿ ಮಾಡುತ್ತಿದ್ದಳು. ಸುತ್ತಲೂ ತುಂಡುಗಳು ಕೂಡಿದ ಮೇಲೆ ಒಳಗಿನ ಕಾಗದ ಕಿತ್ತುಬಿಡುವಳು; ಬಟ್ಟೆಯ ಮೂಲೆ ಮಾತ್ರ ಚೂಪಾಗಿ ಹಾಗೇ ನಿಲ್ಲುವುದು. ಇದು ನಟ್ಟಿನ ಆಕಾರವಲ್ಲವೇ ಎಂದ ಭಾವ ಅಂಗಡಿಯಿಂದ ದೊಡ್ಡದೊಂದು ನಟ್ಟು ತರಿಸಿದರು. ಅಲ್ಲಿಗೆ ಅಕ್ಕನ ಹಳೆ ಸೀರೆಗಳ ಕಥೆ ಮುಗಿಯಿತು.

ನಟ್ಟನ್ನು ರಟ್ಟಿನ ಮೇಲಿಟ್ಟು ಗೀಟೆಳೆದು ಮೊದಲ ಅಚ್ಚು ಕತ್ತರಿಸಿದರು. ಅದರಿಂದ ಇನ್ನೊಂದು, ಆ ಇನ್ನೊಂದರಿಂದ ಮತ್ತೊಂದು. ಪ್ರತಿ ಸಲವೂ ಪೆನ್ಸಿಲ್ ಗೀಟಿನಷ್ಟು ಬೆಳೆಯುತ್ತಾ ಹೋಗಿ, ಕೊನೆಗೆ ಅಜ್ಜ ತುಂಡಿಗೂ ಮೊಮ್ಮಗ ತುಂಡಿಗೂ ಅಂಚು ಕೂಡಲೇ ಇಲ್ಲ. ಕೌದಿ ನಡುವೆ ಉಬ್ಬಿ ಕಡುಬಾಯಿತು. ಅಷ್ಟನ್ನೂ ಬಿಚ್ಚಿದರು. ಸವೆಯದ, ಬೆಳೆಯದ ಅಚ್ಚು ಬೇಕೆಂದು ಮನೆಯೆಲ್ಲ ತಡಕಾಡಿ, ತಮ್ಮದೇ ಮಂಡಿಯ ಎಕ್ಸ್‌ರೇಗೆ ಕತ್ತರಿ ಹಾಕಿದರು. ಆ ಅಚ್ಚನ್ನಿಟ್ಟು, ಬಟ್ಟೆಯೊಳಗಿನ ತುಂಡುಗಳಿಗಾಗಿ ಮನೆಗೆ ಬಂದ ಗಟ್ಟಿ ಮದುವೆ ಕಾಗದಗಳನ್ನೆಲ್ಲ ಕತ್ತರಿಸತೊಡಗಿದರು.

ಮುಂದಿನ ಸಲ ಡಾಕ್ಟರು ಹಳೆ ಎಕ್ಸ್‌ರೇ ಕೇಳಿದಾಗ, ಚೀಲದಿಂದ ತುಂಡುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸತೊಡಗಿದರಂತೆ. ಡಾಕ್ಟರು ಸ್ವಲ್ಪ ಹೊತ್ತು ನೋಡಿ, ಮೂಳೆ ಇದಕ್ಕಿಂತ ಚೆನ್ನಾಗಿ ಕೂಡಿರಲಿ ಎಂದು ಹಾರೈಸಿ ಹೊಸದನ್ನು ತೆಗೆಸಲು ಬರೆದುಕೊಟ್ಟರು.

ಇನ್ನು ಸಾಗರದ ಮದುವೆ. ಭಾವನ ಸೋದರತ್ತೆಯ ಮೊಮ್ಮಗಳದ್ದು. ನಾವು ಮೂವರೂ ಸಾಗರ ತಲುಪಿದ ಮೇಲೆ ಅಕ್ಕ, ಛತ್ರ ಯಾವುದೆಂದು ಕೇಳಿದಳು. ಭಾವ ಮೆಲ್ಲಗೆ ಚೀಲ ಬಿಚ್ಚಿ, ಅರ್ಧ ಹೊಲಿದ ಕೌದಿ ಮಗುಚಿ, ಹಿಂಬದಿಯ ಕಾಗದಗಳನ್ನು ಓದತೊಡಗಿದರು. ಏಳು ತುಂಡು ಕೂಡಿದ ಒಂದು ಹೂವಿನಲ್ಲಿ ವರನ ತಂದೆ ಸಿಕ್ಕಿದರು, ಪಕ್ಕದ ಹೂವಿನಲ್ಲಿ ಬೇರೆ ಯಾವುದೋ ಮದುವೆಯ ವಧು. ಛತ್ರದ ಹೆಸರು ಕತ್ತರಿಯ ಬಾಯಿಗೆ ಹೋಗಿ 'ಶ್ವರ ಸಭಾಭವನ' ಎಂದಷ್ಟೇ ಉಳಿದಿತ್ತು. ನಮ್ಮ ಕಡೆ ಶ್ವರ ಎಂದು ಮುಗಿಯದ ಛತ್ರಗಳು ಎಷ್ಟಿದ್ದಾವು? ಮೊದಲು ಸಿಕ್ಕಿದ ಶ್ವರಕ್ಕೇ ನುಗ್ಗಿದೆವು. ಉಂಡು ಕೈತೊಳೆದು, ವೇದಿಕೆ ಹತ್ತಿ ಸೀರೆ ಕೊಟ್ಟ ಮೇಲೆಯೇ ವಧುವಿನ ಮುಖ ಸರಿಯಾಗಿ ನೋಡಿದ್ದು. ಪರಿಚಯವೇ ಇಲ್ಲದ ಹುಡುಗಿ! ಸೀರೆ ವಾಪಸು ಕೇಳಲಾದೀತೇ? ಊಟವಂತೂ ಚೆನ್ನಾಗಿತ್ತು. ವಾಪಸು ಬರುವಾಗ ಹೊಸನಗರದ ಹತ್ತಿರ ಅಕ್ಕ ಭಾವನ ಕಡೆ ತಿರುಗಿದಳು. ಆಮೇಲೆ ಒಂದೇ ಮಾತು.

"ಇನ್ನೊಂದು ಸಲ ಕಾಗದಕ್ಕೆ ಕತ್ತರಿ ಹಾಕಿದ್ರೆ, ನಾನು ನಿಮ್ಮ ಮೀಸೆಗೆ ಹಾಕ್ತೀನಿ."

ಕಳೆದ ವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡ ಮೇಲೆ ಭಾವ ಬೆಂಚಿನ ಮೇಲೆ ಕೂತು ಕೌದಿ ತೆಗೆದರು. ದಾರ ಸೂಜಿಯ ಕಣ್ಣಿಗೆ ಹೋಗಲೇ ಇಲ್ಲ. ನಾನು ಪೋಣಿಸಿಕೊಟ್ಟೆ. ತಲೆ ಎತ್ತದೆ ಹೊಲಿದರು. ತಂದಿಟ್ಟ ಕಾಫಿ ಆರಿತು. ಬಾಗಿಲು ಅಲುಗಾಡಿದಾಗಲೆಲ್ಲ ಕೈ ನಿಲ್ಲುತ್ತಿತ್ತು. ಡಾಕ್ಟರು ಹೊರಬಂದು, ಹೆದರುವಂಥದ್ದೇನಿಲ್ಲ, ಎಲ್ಲ ತೆಗೆದಾಯಿತು ಎಂದ ಮೇಲೂ ಸ್ವಲ್ಪ ಹೊತ್ತು ಹೊಲಿಯುತ್ತಲೇ ಇದ್ದರು.

ಅಕ್ಕ ಮನೆಗೆ ಬಂದು ಚೇತರಿಸಿಕೊಳ್ಳುವಷ್ಟರಲ್ಲಿ ಕೌದಿ ಮುಗಿಯಿತು. ಕಾಗದಗಳನ್ನೆಲ್ಲ ಕಿತ್ತು, ಹಳೆ ಪಂಚೆಯ ಅಸ್ತರು ಕೊಟ್ಟು, ಭಾವನೇ ಅವಳಿಗೆ ಹೊದಿಸಿದರು. ಅಕ್ಕ ಅದರ ಮೇಲೆ ಕೈಯಾಡಿಸುತ್ತಾ ಬಂದವಳು ಒಂದು ಕಡೆ ನಿಲ್ಲಿಸಿದಳು. ಅಲ್ಲೊಂದು ಸಾಲು ಸೊಟ್ಟ. ಮೂಲೆಗೆ ಮೂಲೆ ಕೂಡಿಲ್ಲ. ಹೊಲಿಗೆಗಳು ಒಂದು ದೊಡ್ಡದು, ಒಂದು ಸಣ್ಣದು.

"ಇದೆಂತ, ಇಲ್ಲಿ ಹೀಗಾಗಿದೆ?"

"ನೀನು ಒಳಗಿದ್ದಾಗ ಹೊಲಿದದ್ದು," ಎಂದರು ಭಾವ. "ಕೊಡು, ಬಿಚ್ಚಿ ಸರಿ ಮಾಡ್ತೀನಿ."

ಅಕ್ಕ ಕೊಡಲಿಲ್ಲ. ಕಾಲ ಬುಡದಲ್ಲಿದ್ದ ಆ ಸಾಲು ಕೆನ್ನೆಯ ಹತ್ತಿರ ಬರುವಂತೆ ಕೌದಿಯನ್ನು ತಿರುಗಿಸಿ ಹೊದ್ದು ಮಲಗಿದಳು.